ಗಿರಣಿ ಹಚ್ಚಿದರೆ ಸಣ್ಣಗಾಗುವ ದೀಪ

ಪ್ರತಿ ವರ್ಷ ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಬಂದಾಗ ನಾನು ಒಂದು ಹಳೆಯ ಹಲಗೆಯನ್ನು ಕಪಾಟಿನಿಂದ ಹೊರಗೆ ತೆಗೆಯುತ್ತೇನೆ. ಅದರ ಎಡಗಡೆ ಎರಡು ಟಾರ್ಚ್ ಬಲ್ಬು ಸರಣಿಯಲ್ಲಿವೆ, ಬಲಗಡೆ ಎರಡು ಸಮಾಂತರದಲ್ಲಿವೆ. ಸೆಲ್ಲು ಜೋಡಿಸಿದರೆ ಎಡಗಡೆಯವು ಮಂಕಾಗಿ ಉರಿಯುತ್ತವೆ, ಬಲಗಡೆಯವು ಜೋರಾಗಿ. ಮಸ್ಕಿಯ ನನ್ನ ಮಕ್ಕಳಿಗೆ ಇಷ್ಟಕ್ಕೇ ಖುಷಿ. ಆಮೇಲೆ ಎಡಗಡೆಯ ಒಂದು ಬಲ್ಬನ್ನು ತಿರುಗಿಸಿ ಬಿಚ್ಚುತ್ತೇನೆ. ಅದರ ಜೊತೆಯದೂ ಆರಿಹೋಗುತ್ತದೆ. ಬಲಗಡೆಯ ಒಂದನ್ನು ಬಿಚ್ಚುತ್ತೇನೆ. ಇನ್ನೊಂದು ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇರುತ್ತದೆ. "ನೋಡಿದ್ರಲ್ಲ? ಸಮಾಂತರ ಜೋಡಣೆಯೊಳಗ ಒಂದು ಹೋದ್ರ ಇನ್ನೊಂದಕ್ಕ ಏನೂ ಆಗೂದಿಲ್ಲ" ಎನ್ನುವುದು ಆಗ ನಾನು ಹೇಳುವ ಮಾತು. ಎಷ್ಟೋ ವರ್ಷದಿಂದ ಹೇಳುತ್ತ ಬಂದ ಆ ಮಾತನ್ನು ಈ ವರ್ಷ ಹೇಳಲಿಲ್ಲ. ಬಿಚ್ಚಿದ ಬಲ್ಬನ್ನು ಅಂಗೈಯಲ್ಲಿ ಹೊರಳಿಸಿ ನೋಡಿದೆ. ಮುಂದಿನ ಬೆಂಚಿನ ಹುಡುಗಿ, "ಟೀಚರ್, ಕೈ ಸುಟ್ಟತೇನ್ರೀ?" ಎಂದು ಕೇಳಿದಳು. ಹೂಂ ಅಂದೆ.

ಕೈ ಸುಟ್ಟಿರಲಿಲ್ಲ. ನನ್ನ ಅಕ್ಕ ತೀರಿಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟೇ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲೆ ಒಂದರ ಹಿಂದೊಂದು ಇವೆ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಲಿಂಗಸುಗೂರಿನಲ್ಲಿ, ನನ್ನ ನೌಕರಿ ಮಸ್ಕಿಯಲ್ಲಿ, ಅಕ್ಕನನ್ನು ಕೊಟ್ಟದ್ದು ಸಿಂಧನೂರು ದಾಟಿ ದಢೇಸುಗೂರಿನ ಕಡೆಗಿರುವ ಒಂದು ಹಳ್ಳಿಗೆ. ಮಸ್ಕಿ ಹಳ್ಳದ ಹತ್ತಿರ ಒಂದು ಭತ್ತದ ಲಾರಿ ಕೆಟ್ಟು ಅಡ್ಡ ನಿಂತರೆ ಮೂರೂ ಊರಿನ ಬಸ್ಸು ನಿಲ್ಲುತ್ತವೆ. ಸರಣಿ ಜೋಡಣೆಗೆ ನಾನು ಕ್ಲಾಸಿನಲ್ಲಿ ಕೊಡುವ ಉದಾಹರಣೆ ಇದೇ. ದಾರಿ ಒಂದೇ ಆದ್ದರಿಂದ ಎಲ್ಲಿ ನಿಂತು ಅಳೆದರೂ ಹರಿಯುವ ಕರೆಂಟು ಅಷ್ಟೇ. ಒಂದು ಕಡೆ ತಡೆದರೆ ಎಲ್ಲ ಕಡೆ ನಿಂತಂತೆ. ವೋಲ್ಟೇಜ್ ಮಾತ್ರ ಪಾಲಾಗುತ್ತದೆ. ಸಾಲಿನಲ್ಲಿರುವ ಪ್ರತಿ ಬಲ್ಬೂ ತನ್ನ ತನ್ನ ಪಾಲು ತೆಗೆದುಕೊಳ್ಳುತ್ತದೆ, ಎಲ್ಲರ ಪಾಲೂ ಕೂಡಿದರೆ ಸೆಲ್ಲಿನ ವೋಲ್ಟೇಜ್ ಬರುತ್ತದೆ. ಸಮಾಂತರದಲ್ಲಿ ಇದರ ತಿರುವುಮುರುವು: ವೋಲ್ಟೇಜ್ ಎಲ್ಲರಿಗೂ ಒಂದೇ, ಕರೆಂಟು ಪಾಲಾಗಿ ಹರಿಯುತ್ತದೆ. ಮನೆಗಳಿಗೆ ತಂತಿ ಎಳೆಯುವುದು ಸಮಾಂತರದಲ್ಲೇ. ಇಲ್ಲದಿದ್ದರೆ ಅಡಿಗೆಮನೆಯ ಬಲ್ಬು ಸುಟ್ಟಾಗ ಪಡಸಾಲೆಯ ಫ್ಯಾನೂ ನಿಂತುಬಿಡುತ್ತಿತ್ತು.

ಇದನ್ನೆಲ್ಲ ನಾನು ಕಲಿಯುವ ಮೊದಲೇ ಸರಣಿ ಎಂದರೇನೆಂದು ಅಕ್ಕ ನನಗೆ ತೋರಿಸಿದ್ದಳು. ನಮ್ಮ ಮನೆಯಲ್ಲಿ ಗಣೇಶನ ಹಬ್ಬಕ್ಕೆ ಕಟ್ಟುವ ಒಂದು ಹಳೆಯ ಸೀರಿಯಲ್ ಲೈಟಿನ ಮಾಲೆ ಇತ್ತು. ಸಣ್ಣ ಸಣ್ಣ ಬಣ್ಣದ ಬಲ್ಬುಗಳು, ಒಂದರ ಬಾಲ ಇನ್ನೊಂದು ಹಿಡಿದುಕೊಂಡಂತೆ. ವರ್ಷವಿಡೀ ಅಟ್ಟದ ಮೇಲೆ ಚೀಲದಲ್ಲಿ ಮಲಗಿದ್ದು, ಹಬ್ಬದ ಮುನ್ನಾದಿನ ಇಳಿಸಿ ಪ್ಲಗ್ಗಿಗೆ ಚುಚ್ಚಿದರೆ ಪೂರಾ ಮಾಲೆ ಕತ್ತಲು. ಯಾವುದೋ ಒಂದು ಬಲ್ಬು ಸತ್ತಿರುತ್ತಿತ್ತು. ಯಾವುದೆಂದು ನೋಡಿದರೆ ಗೊತ್ತಾಗದು. ಅಕ್ಕ ಅಂಗಳದಲ್ಲಿ ಕಾಲು ಚಾಚಿ ಕುಳಿತು, ಪ್ಲಗ್ಗು ಕಿತ್ತು, ಚೆನ್ನಾಗಿರುವ ಒಂದು ಬಲ್ಬನ್ನು ಒಂದೊಂದರ ಜಾಗದಲ್ಲೂ ಕೂಡಿಸಿ ನೋಡುತ್ತಿದ್ದಳು. ನಾನು ಎರಡು ಬಲ್ಬು ನೋಡುವಷ್ಟರಲ್ಲಿ ಮಾಲೆಯನ್ನೇ ಹೊರಗೆ ಬಿಸಾಡೋಣ ಎನ್ನುತ್ತಿದ್ದೆ. ಅಕ್ಕನಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವಳ ಪಾಲಿನದೂ ನನ್ನ ಪಾಲಿನದೂ ಸೇರಿ ಎಲ್ಲ ಸಿಟ್ಟೂ ನನಗೇ ಬಂದಿದೆ ಎಂದು ಅವ್ವ ಹೇಳುತ್ತಿದ್ದಳು.

ಮುಂದೆ ಕಾಲೇಜಿಗೆ ಹೋಗಿ ನಾಲ್ಕಕ್ಷರ ಕಲಿತ ಮೇಲೆ, ಹಬ್ಬಕ್ಕೆ ತವರಿಗೆ ಬಂದು ಅದೇ ಮಾಲೆ ಹಿಡಿದು ಕುಳಿತಿದ್ದ ಅಕ್ಕನ ಮುಂದೆ ಜಂಬ ಮಾಡಿದೆ. "ಇವನ್ನ ಸಮಾಂತರ ಜೋಡಿಸೋ ಹಂಗಿದ್ರ ಎಷ್ಟ್ ಆರಾಮಿತ್ತು ಗೊತ್ತೇನು? ಒಂದು ಹೋದ್ರೂ ಉಳಿದವು ಉರಕೋತ ಇರ್ತಿದ್ವು."

ಅಕ್ಕ ಬಲ್ಬು ತಿರುಗಿಸುತ್ತಲೇ ಕೇಳಿದಳು. "ಒಂದು ಸತ್ತಿದ್ದು ಉಳಿದವಕ್ಕ ಗೊತ್ತೂ ಆಗೂದಿಲ್ಲಾ?"

"ಇಲ್ಲ."

"ಎಂಥಾ ಬಲ್ಬಬೇ ಅವು, ಕರುಳಿಲ್ಲದವು!" ಎಂದು ನಕ್ಕಳು. ನಾನೂ ನಕ್ಕೆ. ಆಗ ಅದು ನಗುವ ಮಾತೇ ಆಗಿತ್ತು.

ಅಕ್ಕನ ಗಂಡನನ್ನು ನಾನು ಮಾವ ಎಂದು ಕರೆಯುತ್ತೇನೆ. ಮಾತು ಕಡಿಮೆಯ ಮನುಷ್ಯ. ಹೊಲ, ಎತ್ತು, ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ, ಒಂದು ಲೋಟ ಚಹಾ, ಇಷ್ಟರಲ್ಲೇ ಅವನ ಪ್ರಪಂಚ. ಮಕ್ಕಳಾಗಲಿಲ್ಲ. ಮದುವೆಯಾಗಿ ಕೆಲವು ವರ್ಷಕ್ಕೆ ಇಬ್ಬರೂ ಸೇರಿ ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಒಂದು ಹಿಟ್ಟಿನ ಗಿರಣಿ ಹಾಕಿದರು. ಮಾವ ಹೊಲ ನೋಡಿಕೊಂಡ, ಅಕ್ಕ ಗಿರಣಿ ಹಿಡಿದಳು. ಹೆಂಗಸು ಗಿರಣಿ ನಡೆಸುವುದೇ ಎಂದು ಊರವರು ಮೊದಮೊದಲು ಮೂಗು ಮುರಿದರು. ಹಿಟ್ಟು ನುಣ್ಣಗೆ ಬರತೊಡಗಿದ ಮೇಲೆ ಮೂಗು ತಾನಾಗಿ ನೆಟ್ಟಗಾಯಿತು. ನಾನು ರಜೆಗೆ ಹೋದಾಗ ಅವಳು ರೆಪ್ಪೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ ಮಾಡಿಕೊಂಡು ಮೋಟಾರಿನ ಪಟ್ಟಿಯ ಸದ್ದಿನ ನಡುವೆ ಕೂಗಿ ಮಾತಾಡುತ್ತಿದ್ದಳು. ನಮ್ಮಿಬ್ಬರಲ್ಲಿ ಮೊದಲು ಮುದುಕಿಯಾದವಳು ನೀನೇ ಎಂದು ನಾನು ರೇಗಿಸುತ್ತಿದ್ದೆ.

ಆ ಊರಿನಲ್ಲಿ ಒಂದು ರೂಢಿ ಇತ್ತು. ಗಿರಣಿ ಶುರುವಾಯಿತೆಂದು ಯಾರಿಗೂ ಕೂಗಿ ಹೇಳಬೇಕಾಗಿರಲಿಲ್ಲ. ನಿಂತ ಮೋಟಾರು ತಿರುಗಲು ಶುರುಮಾಡುವಾಗ ಒಮ್ಮೆಲೇ ಬಹಳ ಕರೆಂಟು ಎಳೆದುಕೊಳ್ಳುತ್ತದೆ. ಅಕ್ಕ ಸ್ಟಾರ್ಟರಿನ ಗುಂಡಿ ಒತ್ತಿದ ಕೂಡಲೇ ಊರಿನ ಎಲ್ಲ ಮನೆಗಳ ಬಲ್ಬು ಕೆಂಪಗೆ ಸಣ್ಣಗಾಗಿ, ಮೋಟಾರು ವೇಗ ಹಿಡಿದ ಮೇಲೆ ಅರ್ಧಮರ್ಧ ಚೇತರಿಸಿಕೊಳ್ಳುತ್ತಿದ್ದವು. ಒಲೆಯ ಮುಂದೆ ಕುಳಿತ ಹೆಂಗಸರು ತಲೆಯೆತ್ತಿ, "ಗಿರಣಿ ಹಚ್ಚ್ಯಾಳ" ಎಂದು ಜೋಳದ ಡಬ್ಬಿ ಸೊಂಟಕ್ಕೆ ಏರಿಸಿಕೊಂಡು ಹೊರಡುತ್ತಿದ್ದರು. ಅಕ್ಕನ ಮನೆಯ ಅಡಿಗೆಮನೆಗೆ ಕಿಟಕಿ ಇಲ್ಲ, ಹಗಲೂ ಬಲ್ಬು ಉರಿಯಬೇಕು. ಮಾವ ಅದರ ಕೆಳಗೆ ಕುಳಿತು ಚಹಾ ಕುಡಿಯುತ್ತಿರುತ್ತಿದ್ದ. ಬೆಳಕು ಸಣ್ಣಗಾದದ್ದೇ ತಡ, "ಗಿರಣಿ ಹಚ್ಚಿದ್ಲು ನೋಡು" ಎಂದು ಎದ್ದು, ಗೂಟದ ಅಂಗಿ ತೊಟ್ಟು, ರೊಟ್ಟಿಯ ಗಂಟು ಹಿಡಿದು ಅಗಸಿಯ ಕಡೆ ನಡೆಯುತ್ತಿದ್ದ. ಅವಳು ಉಣ್ಣದೆ ಹೋಗುವುದು, ಇವನು ಹಿಂದಿನಿಂದ ಒಯ್ಯುವುದು, ದಿನಾ ನಡೆಯುತ್ತಿದ್ದದ್ದೇ. ಕಟ್ಟಿಕೊಂಡೇ ಹೋಗಬಾರದೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಹಂಗಾದ್ರ ಅವ್ರು ಬರಾಕ ನೆವ ಏನಿರತೈತಿ?" ಎಂದಿದ್ದಳು.

ಒಂದರ ಪಾಡು ಇನ್ನೊಂದಕ್ಕೆ ತಟ್ಟುವುದಿಲ್ಲ ಎಂದು ನಾನು ಮಕ್ಕಳಿಗೆ ಹೇಳುವುದು ಹಾಗಾದರೆ ಸುಳ್ಳೇ? ಸುಳ್ಳಲ್ಲ. ಹಲಗೆಯ ಮೇಲೆ ಸೆಲ್ಲು ಬಲ್ಬಿನ ಪಕ್ಕದಲ್ಲೇ ಇರುತ್ತದೆ, ಅಲ್ಲಿ ಅದು ನಿಜ. ಊರಿನಲ್ಲಿ ಟ್ರಾನ್ಸ್‌ಫಾರ್ಮರು ದೂರ. ಅಲ್ಲಿಂದ ಕೊನೆಯ ಮನೆಯವರೆಗೆ ಬರುವ ತಂತಿಗೂ ತನ್ನದೇ ರೋಧ ಇದೆ, ಮತ್ತು ಆ ತಂತಿ ಎಲ್ಲರೊಂದಿಗೂ ಸರಣಿಯಲ್ಲಿದೆ. ಸಮಾಂತರದ ಒಬ್ಬೊಬ್ಬರೂ ಎಳೆದುಕೊಳ್ಳುವ ಕರೆಂಟು ಕೂಡಿಕೊಂಡು ಆ ಒಂದೇ ತಂತಿಯಲ್ಲಿ ಬರಬೇಕು. ಹೆಚ್ಚು ಹರಿದಷ್ಟೂ ತಂತಿಯೇ ಹೆಚ್ಚು ವೋಲ್ಟೇಜ್ ನುಂಗುತ್ತದೆ, ಕೊನೆಗೆ ಮುಟ್ಟುವುದು ಉಳಿದಷ್ಟು. ಇದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲವಾದ್ದರಿಂದ ನಾನೂ ಹೆಚ್ಚು ಹೇಳುತ್ತಿರಲಿಲ್ಲ. ಅಕ್ಕನ ಮನೆ ಊರಿನ ಕೊನೆಯ ಓಣಿಯಲ್ಲಿ, ತಂತಿಯ ತುತ್ತತುದಿಯಲ್ಲಿತ್ತು.

ಕೆಮ್ಮು ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ಗಿರಣಿಯವರಿಗೆ ಕೆಮ್ಮು ಇರುವುದೇ ಎಂದುಕೊಂಡೆವು. ಹಿಟ್ಟಿನ ದೂಳು, ಒಲೆಯ ಹೊಗೆ ಎರಡನ್ನೂ ಅವಳ ಎದೆ ವರ್ಷಗಟ್ಟಲೆ ಕುಡಿದಿತ್ತು. ಅಗಸಿಯಿಂದ ಮನೆಗೆ ಬರುವ ದಾರಿಯಲ್ಲಿ ಕಟ್ಟೆಗಳ ಮೇಲೆ ಕುಳಿತು ಕುಳಿತು ಬರತೊಡಗಿದಾಗ ಸಿಂಧನೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೋ ನೋಡಿ, ಪುಪ್ಪುಸ ಗಟ್ಟಿಯಾಗಿಬಿಟ್ಟಿದೆ, ಮತ್ತೆ ಮೆತ್ತಗಾಗುವುದಿಲ್ಲ ಎಂದರು. ಮನೆಯಲ್ಲೇ ಆಮ್ಲಜನಕ ಕೊಡುವ ಯಂತ್ರ ಇಟ್ಟುಕೊಳ್ಳಿ, ಹಗಲೂ ರಾತ್ರಿ ಬೇಕಾಗಬಹುದು ಎಂದರು. ಗಿರಣಿ ಮುಚ್ಚಿತು. ಇಷ್ಟು ವರ್ಷ ಮೋಟಾರು ಓಡಿಸಿದವಳು ಈಗ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಒಂದು ಸಣ್ಣ ಮೋಟಾರಿನ ಪಕ್ಕದಲ್ಲಿ ಕುಳಿತಳು. "ನನಗ ಹಿಂಗ ಕಟ್ಟಿಹಾಕಿದ್ರಲ್ಲಬೇ, ಎಮ್ಮೀಗೆ ಕಟ್ಟಿದಂಗ" ಎನ್ನುತ್ತಿದ್ದಳು. ಯಂತ್ರ ಗಾಳಿ ಎಳೆದುಕೊಂಡು, ಸೋಸಿ, ಅವಳಿಗೆ ಕೊಡುತ್ತಿತ್ತು. ಅದಕ್ಕೆ ಬೇಕಾದದ್ದು ಒಂದೇ, ಸರಿಯಾದ ವೋಲ್ಟೇಜು.

ಮಳೆಗಾಲ ಹೇಗೋ ಕಳೆಯಿತು. ಬೇಸಿಗೆ ಬೆಳೆಗೆ ಎಲ್ಲರೂ ಭತ್ತ ನಾಟಿ ಮಾಡಿದ ಮೇಲೆ ಕಷ್ಟ ಶುರುವಾಯಿತು. ಅಕ್ಕನ ಊರು ಕಾಲುವೆಗೂ ಕೊನೆಯದೇ. ಮೇಲಿನವರು ಹರಿಸಿಕೊಂಡು ಮಿಕ್ಕದ್ದು ಬರಬೇಕು, ಬೇಸಿಗೆಯಲ್ಲಿ ಮಿಗುವುದು ಕಡಿಮೆ. ಅದಕ್ಕೆ ಊರವರು ಹಳ್ಳದ ದಂಡೆಗೆ ಸಾಲಾಗಿ ಮೋಟಾರು ಇಟ್ಟು ನೀರು ಎತ್ತುತ್ತಾರೆ. ಆ ಮೋಟಾರುಗಳಿಗೂ ಕೊನೆಯ ಓಣಿಗೂ ಒಂದೇ ಟ್ರಾನ್ಸ್‌ಫಾರ್ಮರು, ಒಂದೇ ತಂತಿ. ಎಲ್ಲ ಮೋಟಾರೂ ಒಟ್ಟಿಗೆ ತಿರುಗಿದಾಗ ಅಡಿಗೆಮನೆಯ ಬಲ್ಬಿನೊಳಗಿನ ತಂತಿ ಕೆಂಡದಂತೆ ಕೆಂಪಗೆ ಕಾಣುತ್ತಿತ್ತು. ಯಂತ್ರ ಒಂದಷ್ಟು ಹೊತ್ತು ಗೊಣಗಿ, ಕೀ ಕೀ ಎಂದು ಕೂಗಿ ನಿಂತುಬಿಡುತ್ತಿತ್ತು. ಆಗ ಸಿಲಿಂಡರಿನ ಕೊಳವೆ ಸಿಕ್ಕಿಸಬೇಕು, ಅದು ಖಾಲಿಯಾಗುವ ಮೊದಲು ಮಾವ ಸಿಂಧನೂರಿಗೆ ಓಡಬೇಕು. ನಾನು ಒಂದು ಸ್ಟೆಬಿಲೈಜರು ತಂದು ಹಾಕಿದೆ. ಅದು ಟಕ್ ಟಕ್ ಎಂದು ಹೆಣಗಾಡಿತು, ಕೊನೆಗೆ ಅದೂ ಕೈಚೆಲ್ಲಿತು. ಬರುವುದೇ ಇಲ್ಲದ ವೋಲ್ಟೇಜನ್ನು ಅದು ಎಲ್ಲಿಂದ ತಂದೀತು? ಕೊರತೆ ತುಂಬಲು ತಂತಿಯಿಂದ ಇನ್ನಷ್ಟು ಕರೆಂಟು ಎಳೆಯುತ್ತದೆ, ತಂತಿ ಇನ್ನಷ್ಟು ನುಂಗುತ್ತದೆ.

ಅಡಿಗೆಮನೆಯಲ್ಲಿ ಮಾತ್ರ ಹಳೆಯ ಕಾಲದ ಬಲ್ಬು ಉಳಿದಿತ್ತು. ಉಳಿದ ಕಡೆ ಎಲ್ಲ ಎಲ್‌ಇಡಿ. ಎಲ್‌ಇಡಿ ಬಲ್ಬಿನ ಹೊಟ್ಟೆಯೊಳಗೆ ಇರುವ ಸಾಮಾನು ವೋಲ್ಟೇಜ್ ಕುಸಿದರೂ ಬೆಳಕು ಕುಸಿಯದಂತೆ ನೋಡಿಕೊಳ್ಳುತ್ತದೆ. ನೆಂಟರ ಮುಂದೆ ಮನೆಯವರು ತೋರಿಸುವಂತೆ ಎಲ್ಲ ಚೆನ್ನಾಗಿದೆ ಎಂದೇ ತೋರಿಸುತ್ತದೆ. ನಮಗೆ ಬೇಕಾಗಿದ್ದದ್ದು ಇದ್ದದ್ದನ್ನು ಇದ್ದಂತೆ ಹೇಳುವ ಬಲ್ಬು. ಅದು ಸುಟ್ಟರೆ ಇರಲಿ ಎಂದು ಸಿಂಧನೂರಿನ ಅಂಗಡಿ ಅಂಗಡಿ ಅಲೆದೆ. "ಇದನ್ನ ಈಗ ಯಾರ್ ಕೇಳ್ತಾರ್ರೀ ಟೀಚರ್?" ಎಂದು ಒಬ್ಬ ನಕ್ಕ. ಕೊಡುವುದಿದ್ದರೆ ಕೊಡು, ನಗುವುದನ್ನು ಮನೆಯಲ್ಲಿ ಮಾಡಿಕೊ ಎಂದೆ. ಅವನು ಹಿಂದಿನ ಗೋದಾಮಿನಿಂದ ದೂಳು ಹಿಡಿದ ಒಂದನ್ನು ಹುಡುಕಿ ತಂದ.

ಪರೀಕ್ಷೆಯ ಕೆಲಸ ಮುಗಿದ ಕೂಡಲೇ ನಾನು ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದೆ. ಮೊದಲ ದಿನವೇ ಯಂತ್ರ ಕೂಗಿ ನಿಂತಿತು, ಅಕ್ಕನ ತುಟಿ ನೀಲಿಯಾಯಿತು. ಸಿಲಿಂಡರು ಹಚ್ಚಿ ಮಾವನನ್ನು ಅವಳ ಪಕ್ಕ ಕೂಡಿಸಿ, ಸಿಟ್ಟು ಹೊತ್ತುಕೊಂಡು ಹಳ್ಳದ ದಂಡೆಗೆ ಹೋದೆ. ಅಲ್ಲಿ ಕೆಳಗಿನ ಹೊಲದ ಹಿರಿಯನೊಬ್ಬ ಇದ್ದ. ಹಿಂದೆ ದಿನಾ ಗಿರಣಿಗೆ ಬಂದು ಅಕ್ಕನ ಜೊತೆ ಹಿಟ್ಟು ದಪ್ಪ, ಹಿಟ್ಟು ತೆಳು ಎಂದು ಜಗಳ ಆಡುತ್ತಿದ್ದವ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದು ಅಲ್ಲಿ ಹೊಲ ಗುತ್ತಿಗೆಗೆ ಮಾಡಿಕೊಂಡಿದ್ದ ಬಂಗಾಳಿ ರೈತನೂ ಇದ್ದ. ಇನ್ನೂ ಕೆಲವರು ಬದುವಿನ ಮೇಲೆ ಕುಳಿತಿದ್ದರು. ನಾನು ಬೈಯಲು ಹೋದವಳು. ಬಿರುಕು ಬಿಟ್ಟ ಗದ್ದೆಯಲ್ಲಿ ತೆನೆ ಕಟ್ಟಲು ನಿಂತ ಭತ್ತ ನೋಡಿ, ನಾನೂ ಬದುವಿನ ಮೇಲೆ ಕುಳಿತೆ.

ಆಮೇಲೆ ಪಾಠ ಹೇಳುವವಳಂತೆಯೇ ಹೇಳಿದೆ. ತಂತಿಯೂ ಕಾಲುವೆಯಂತೆಯೇ, ಮೇಲೆ ಎಲ್ಲರೂ ತೂಬು ತೆರೆದರೆ ಕೊನೆಯವರಿಗೆ ಹಸಿ ಮಣ್ಣಷ್ಟೇ ಸಿಗುವುದು. ನಮ್ಮ ಅಕ್ಕನ ಮನೆ ಕೊನೆಯದು. ಅಷ್ಟು ಸಾಕಾಯಿತು. ಕೊನೆಯವರಾಗಿರುವುದೆಂದರೇನೆಂದು ಆ ಊರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿರಿಯ ತಲೆಯ ಮೇಲಿನ ಟವೆಲು ತೆಗೆದು ಮತ್ತೆ ಸುತ್ತಿಕೊಂಡ. "ಹಂಗಾದ್ರ ಪಾಳಿ ಮಾಡೂಣು. ತೂಬಿಗೆ ಹೆಂಗ ಪಾಳಿ ಮಾಡತೀವಿ, ಕರೆಂಟಿಗೂ ಹಂಗ. ಒಂದ್ ಸಲಕ್ಕ ಒಂದ ಮೋಟರ್. ಬರೋಬ್ಬರಿ ಐತೇನು ತಂಗಿ?"

"ಒಂದಿದ್ರ ತಡೀತೈತಿ ಕಾಕಾ."

"ನಿಮ್ಮಕ್ಕನ ಹಿಟ್ಟು ತಿಂದೀವಿ ಬೇ. ಜಗಳಾ ಆಡಿದ್ರೂ ತಿಂದೀವಿ." ಎಲ್ಲರೂ ಸಣ್ಣಗೆ ನಕ್ಕರು. ಕ್ಯಾಂಪಿನವನ ಗದ್ದೆಯೇ ಎಲ್ಲಕ್ಕಿಂತ ಒಣಗಿತ್ತು. ಅವನು ಎದ್ದು ಹೋಗಿ ತನ್ನ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ ಮೋಟಾರು ನಿಲ್ಲಿಸಿ ಬಂದ. "ಮೊದಲು ದೀದಿ ಉಸಿರು. ನನ್ನ ಪಾಳಿ ಕಡೀಗೆ ಇರಲಿ," ಎಂದ.

ನಾನು ಮನೆಗೆ ಬರುವಷ್ಟರಲ್ಲಿ ಬಲ್ಬು ಬೆಳ್ಳಗೆ ಉರಿಯುತ್ತಿತ್ತು, ಯಂತ್ರ ಮೆಲ್ಲಗೆ ಗುಂಯ್ ಎನ್ನುತ್ತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಕ್ಕ ಗೋಡೆಗೆ ಒರಗಿಸಿದ ದಿಂಬಿನ ಮೇಲೆ ಕುಳಿತು ಬಲ್ಬನ್ನೇ ನೋಡುತ್ತಿದ್ದಳು.

"ಏನ್ ಮಾಡಿ ಬಂದೀ?"

ಹೇಳಿದೆ. ಅವಳಿಗೆ ಸಂತೋಷವಾಗಲಿಲ್ಲ. ಅವತ್ತಿನಿಂದ ಬಲ್ಬು ಅವಳಿಗೊಂದು ಕಾಟವಾಯಿತು. ಅದು ಸ್ವಲ್ಪ ಮಂಕಾಗಿದ್ದರೆ ಯಾರದೋ ಹೊಲಕ್ಕೆ ನೀರು ಹೋಗುತ್ತಿದೆಯೆಂದು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದಳು. ಬೆಳ್ಳಗಾದರೆ ಚಡಪಡಿಸುತ್ತಿದ್ದಳು. "ಬಲ್ಬು ಬೆಳ್ಳಗ ಐತಿ ನೋಡು. ಯಾರ ಹೊಲಕ್ಕೂ ನೀರ್ ಹೋಗವಲ್ದು. ಹೋಗಿ ಹೇಳು, ಹಚ್ಚಾಕ ಹೇಳು." ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲುತ್ತಿದ್ದಳು.

ನಾನು ಸಿಟ್ಟಾದೆ. "ನಿನ್ನ ಉಸಿರಿನ ಫಿಕರ್ ನೀ ಮಾಡು. ಊರಿನ ಉಸಾಬರಿ ನಿನಗ್ಯಾಕ?"

"ಉಸಿರು ನನಗೊಬ್ಬಾಕಿಗೇನಬೇ? ಭತ್ತಕ್ಕ ಇಲ್ಲೇನು?"

ಬದುಕಬೇಕಾದವಳು ಅವಳು, ಹಟ ಮಾಡುತ್ತಿದ್ದವಳು ನಾನು. ನನಗೆ ಆ ಹೊತ್ತಿನಲ್ಲಿ ಭತ್ತ ಬೇಡವಾಗಿತ್ತು, ಊರು ಬೇಡವಾಗಿತ್ತು, ಇಡೀ ಟ್ರಾನ್ಸ್‌ಫಾರ್ಮರು ನಮ್ಮ ಮನೆಗೊಂದೇ ಇರಲಿ ಎನಿಸುತ್ತಿತ್ತು. ಅವಳು ಮಾತ್ರ ಕೊಳವೆ ಸಿಕ್ಕಿಸಿಕೊಂಡ ಮೂಗಿನಿಂದಲೇ ಮಾವನಿಗೆ ಸನ್ನೆ ಮಾಡುತ್ತಿದ್ದಳು. ಅವನು ಎದ್ದು ಹೊರಗೆ ಹೋಗುತ್ತಿದ್ದ. ಹೇಳುತ್ತಿದ್ದನೋ, ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಬರುತ್ತಿದ್ದನೋ, ನಾನು ಕೇಳಲಿಲ್ಲ. ಬಂದು, "ಹೇಳೀನಿ" ಎನ್ನುತ್ತಿದ್ದ. ಬಲ್ಬು ಹಾಗೇ ಇರುತ್ತಿತ್ತು. ಅಕ್ಕ ನನ್ನ ಕಡೆ ನೋಡಿ, ಸುಳ್ಳು ಹೇಳುವುದೂ ಬಾರದು ಈ ಮನುಷ್ಯನಿಗೆ ಎಂಬಂತೆ ಹುಬ್ಬು ಏರಿಸುತ್ತಿದ್ದಳು.

ಪಾಳಿ ತಪ್ಪಲಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ನಾನು ನಂಬಿರಲಿಲ್ಲ. ಯಾರಾದರೂ ಕಳ್ಳತನದಿಂದ ಎರಡನೆಯ ಮೋಟಾರು ಹಚ್ಚುತ್ತಾರೆಂದು ದಿನವಿಡೀ ಬಲ್ಬಿನ ಕಾವಲು ಕಾಯುತ್ತಿದ್ದೆ. ಮೋಟಾರು ಬದಲಾಗುವ ಹೊತ್ತಿನಲ್ಲಿ ಬಲ್ಬು ಒಮ್ಮೆ ಬೆಳ್ಳಗಾಗಿ, ಮತ್ತೆ ಕುಸಿದು, ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಅಷ್ಟೇ. ಹಳ್ಳದ ದಂಡೆಯಲ್ಲಿ ಒಬ್ಬ ನಿಲ್ಲಿಸಿ ಇನ್ನೊಬ್ಬನನ್ನು ಕೂಗಿ ಕರೆದದ್ದು ನಮಗೆ ಅಡಿಗೆಮನೆಯಲ್ಲಿ ಕಾಣುತ್ತಿತ್ತು. ಕ್ಯಾಂಪಿನವನು ಒಮ್ಮೆ ಮಂಡಕ್ಕಿಯ ಚೀಲ ಹಿಡಿದು ಬಾಗಿಲಿಗೆ ಬಂದ. ಅಕ್ಕ ಅವನ ಗದ್ದೆ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದ. ಅವನಿಗೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಂದು ಮೂಲೆ ಹಳದಿಯಾದದ್ದನ್ನು ನಾನೇ ನೋಡಿ ಬಂದಿದ್ದೆ.

ಅಕ್ಕ ಹೋದದ್ದು ಒಂದು ಮುಂಜಾನೆ, ಬಿಸಿಲು ಅಂಗಳಕ್ಕೆ ಇಳಿದ ಮೇಲೆ. ನಾನು ಅವಳ ಕೂದಲು ಬಾಚಿ ಜಡೆ ಹಾಕುತ್ತಿದ್ದೆ. ತಲೆ ನನ್ನ ಕೈಗೆ ಭಾರವಾಯಿತು. ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಬಲ್ಬನ್ನು. ದಿನಗಟ್ಟಲೆಯ ರೂಢಿ. ಬಲ್ಬು ಸರಿಯಾಗಿತ್ತು. ಯಂತ್ರ ಗುಂಯ್ ಎನ್ನುತ್ತಿತ್ತು. ಕೊಳವೆಯ ತುದಿಗೆ ಕೈ ಹಿಡಿದೆ, ಗಾಳಿ ಬರುತ್ತಿತ್ತು. ಸ್ಟೆಬಿಲೈಜರಿನ ಮುಳ್ಳು ಇರಬೇಕಾದಲ್ಲೇ ಇತ್ತು. ತಪ್ಪು ಎಲ್ಲೂ ಇರಲಿಲ್ಲ. ಅವಳ ಎದೆ ಮಾತ್ರ ಏಳಲಿಲ್ಲ. ಯಾರ ಮೇಲಾದರೂ ಹರಿಹಾಯ್ದು ಕೂಗಾಡಬೇಕೆಂದು ನನ್ನ ಜೀವ ಒದ್ದಾಡಿತು, ಒಬ್ಬರೂ ಸಿಗಲಿಲ್ಲ. ಮಾವ ಬಂದು ಅವಳ ಮೂಗಿನ ಕೊಳವೆ ಬಿಚ್ಚಿದ. ಕಟ್ಟಿದ್ದು ಬಿಚ್ಚಿದಂತೆ ಮೆತ್ತಗೆ ಬಿಚ್ಚಿದ. ನಾನು ಯಂತ್ರದ ಸ್ವಿಚ್ಚು ಆರಿಸಿದೆ. ಬಲ್ಬಿನ ಬೆಳಕು ಕೂದಲೆಳೆಯಷ್ಟು ಹೆಚ್ಚಾಯಿತು. ಒಬ್ಬರು ಎಳೆದುಕೊಳ್ಳುವುದನ್ನು ಬಿಟ್ಟರೆ ಉಳಿದವರಿಗೆ ಅಷ್ಟು ಹೆಚ್ಚು ಸಿಗುತ್ತದೆ, ಅದು ನಿಯಮ. ಆ ಹೊತ್ತಿನಲ್ಲಿ ಆ ನಿಯಮದ ಮೇಲೆ ನನಗೆ ಹೇಸಿಗೆಯಾಯಿತು.

ಮಾವ ಅಂಗಳಕ್ಕೆ ಹೋಗಿ ಪಕ್ಕದ ಮನೆಯವರನ್ನು ಕರೆದ. ಹೆಂಗಸರ ಅಳು ಓಣಿಗೆ ಕೇಳಿತು. ಸ್ವಲ್ಪ ಹೊತ್ತಿಗೆ ಬಲ್ಬು ಇನ್ನಷ್ಟು ಬೆಳ್ಳಗಾಯಿತು. ನಾನು ಆ ಮನೆಯಲ್ಲಿ ಅಂಥ ಬೆಳಕನ್ನು ನೋಡಿಯೇ ಇರಲಿಲ್ಲ. ಡಬ್ಬಿಗಳ ಹಿಂದಿನ ಜೇಡರ ಬಲೆ, ಗೋಡೆಯ ಮೇಲಿನ ಎಣ್ಣೆಯ ಕಲೆ, ಅಕ್ಕನ ರೆಪ್ಪೆಯ ಒಂದೊಂದು ಕೂದಲು ಕಾಣಿಸಿತು. ಹಳ್ಳದ ದಂಡೆಯಲ್ಲಿ ಪಾಳಿಯ ಆ ಒಂದು ಮೋಟಾರನ್ನೂ ನಿಲ್ಲಿಸಿದ್ದರು. ಆಮೇಲೆ ಅವರು ಒಬ್ಬೊಬ್ಬರಾಗಿ ಬಂದರು, ಕಾಲಿನ ಕೆಸರು ತೊಳೆಯದೆ ಹಾಗೇ ಬಂದರು. ಕೆಳಗಿನ ಹೊಲದ ಹಿರಿಯ ಬಾಗಿಲಲ್ಲಿ ನಿಂತು ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಗೊತ್ತೂ ಆಗೂದಿಲ್ಲಾ ಎಂದು ಕೇಳಿದ್ದೆಯಲ್ಲ ಅಕ್ಕಾ, ಎಲ್ಲರಿಗೂ ಗೊತ್ತಾಯಿತು ಎಂದು ಅವಳಿಗೆ ಹೇಳಬೇಕೆನಿಸಿತು. ಅವಳ ಕಿವಿಯ ಹತ್ತಿರ ಬಗ್ಗಿ, ಅರ್ಧಕ್ಕೇ ನಿಂತಿದ್ದ ಜಡೆಯನ್ನು ಹೆಣೆದು ಮುಗಿಸಿದೆ.

ಅವತ್ತು ಸಂಜೆ ಹೊತ್ತು ಮುಳುಗುವ ಮೊದಲು ಅವರದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಮೋಟಾರುಗಳು ಮೂಕವಾಗಿದ್ದವು. ಭಜನೆಯ ತಾಳ, ಹಳ್ಳದ ಕಪ್ಪೆ, ಅಷ್ಟೇ ಸದ್ದು. ಇರುಳೆಲ್ಲ ಒಂದೂ ಮೋಟಾರು ತಿರುಗಲಿಲ್ಲ. ಅಷ್ಟು ಬಿಸಿಲಿನಲ್ಲಿ, ತೆನೆ ಹಾಲು ತುಂಬುವ ಹೊತ್ತಿನಲ್ಲಿ, ಒಂದು ಹೊಲಕ್ಕೂ ನೀರು ಹೋಗಲಿಲ್ಲ. ಅಕ್ಕ ಇದ್ದಿದ್ದರೆ ಎಲ್ಲರನ್ನೂ ಬೈಯುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಹಿರಿಯ ಬಂದು ಕಟ್ಟೆಯ ಕೆಳಗೆ ನಿಂತ. ಅವನ ಹಿಂದೆ, ಸ್ವಲ್ಪ ದೂರದಲ್ಲಿ, ಕ್ಯಾಂಪಿನವನು. ಏನು ಹೇಳಲು ಬಂದಿದ್ದಾರೆಂದು ನನಗೆ ತಿಳಿಯಲಿಲ್ಲ.

"ತಂಗೀ," ಎಂದ ಹಿರಿಯ. ನೆಲ ನೋಡಿದ. "ಮೋಟರ್ ಹಚ್ಚಲೇನವ್ವಾ?"

ಬೇಡವೆಂದರೆ ಅವನು ಹಾಗೇ ತಿರುಗಿ ಹೋಗುತ್ತಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ನನ್ನೊಳಗಿನ ಒಂದು ಕೆಟ್ಟ ಮೂಲೆಗೆ ಬೇಡ ಅನ್ನಬೇಕೆನಿಸಿತು ಕೂಡ. ಇನ್ನೊಂದು ದಿನ ಎಲ್ಲವೂ ಹೀಗೇ ನಿಂತಿರಲಿ ಎನಿಸಿತು.

"ಹಚ್ಚರಿ ಕಾಕಾ. ಎಲ್ಲಾರೂ ಹಚ್ಚರಿ. ಇನ್ ಪಾಳಿ ಬ್ಯಾಡ."

ಅವನು ತಲೆಯಾಡಿಸಿ ಹೋದ. ನಾನು ಒಳಗೆ ಬಂದು ಚಹಾ ಕಾಸಿದೆ. ಮಾವ ಅಡಿಗೆಮನೆಯಲ್ಲಿ ತನ್ನ ಜಾಗದಲ್ಲಿ, ಬಲ್ಬಿನ ಕೆಳಗೆ, ಬನಿಯನ್ನಿನಲ್ಲಿ ಕುಳಿತಿದ್ದ. ಹಣೆಗೆ ವಿಭೂತಿ ಇರಲಿಲ್ಲ. ನಿನ್ನೆಯಿಂದ ಒಂದು ಹನಿಯೂ ಅತ್ತಿರಲಿಲ್ಲ. ಲೋಟ ಕೈಗಿಟ್ಟೆ, ಹಿಡಿದುಕೊಂಡ. ಯಂತ್ರವಿದ್ದ ಮೂಲೆಯನ್ನು ಹೆಂಗಸರು ಸಾರಿಸಿದ್ದರು, ಅದು ಇನ್ನೂ ಹಸಿಯಾಗಿತ್ತು. ನಾವಿಬ್ಬರೂ ಆ ಉರಿಯುವ ಬೆಳಕಿನಲ್ಲಿ ಒಬ್ಬರನ್ನೊಬ್ಬರು ನೋಡದೆ ಕುಳಿತೆವು.

ಬಲ್ಬು ಒಮ್ಮೆಲೇ ಕೆಂಪಗೆ ಸಣ್ಣಗಾಯಿತು. ಗೋಡೆಗಳು ಹಿಂದಕ್ಕೆ ಸರಿದವು. ಆಮೇಲೆ ಅರ್ಧಮರ್ಧ ಚೇತರಿಸಿಕೊಂಡಿತು.

"ಗಿರಣಿ ಹಚ್ಚಿದ್ಲು ನೋಡು" ಎಂದ ಮಾವ.

ಎಂದು, ಲೋಟ ಕೆಳಗಿಟ್ಟು ಎದ್ದ. ಗೂಟದ ಅಂಗಿ ತೆಗೆದು ಒಂದು ತೋಳು ಹಾಕಿಕೊಂಡ. ಒಲೆಯ ಪಕ್ಕ ರೊಟ್ಟಿಯ ಗಂಟು ಇರುವ ಜಾಗಕ್ಕೆ ಕೈ ಚಾಚಿದ. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದ.

ಮಕ್ಕಳು ಒಂದು ಅಕ್ಷರ ತಪ್ಪಿ ಹೇಳಿದರೂ ತಿದ್ದುವವಳು ನಾನು. ಅಲ್ಲ ಮಾವ, ಅದು ಹಳ್ಳದ ಮೋಟಾರು ಎಂದು ಹೇಳಲು ನನ್ನಿಂದ ಆಗಲಿಲ್ಲ. ಎರಡನೆಯ ಮೋಟಾರು ಶುರುವಾಯಿತು, ಬಲ್ಬು ಇನ್ನಷ್ಟು ಕುಸಿಯಿತು. ಆಮೇಲೆ ಮೂರನೆಯದು. ಮಾವನ ಮುಖ ನನಗೆ ಸರಿಯಾಗಿ ಕಾಣದಷ್ಟು ಮಂಕಾದ ಮೇಲೆ, ಆ ಕತ್ತಲಲ್ಲಿ, ಅವನು ಅಳುವುದು ಕೇಳಿಸಿತು.